ಮಳೆ ಸುರಿದರೆ ಗುಡ್ಡದ ಭಯ, ಮೈ ಬಿಸಿಯಾದರೆ ಕಾಯಿಲೆಯ ಭಯ: ಎರಡೂ ಒಟ್ಟಿಗೆ ಬಂದಾಗ ಏನು ಮಾಡುವುದು?

ಪ್ರಶ್ನೆ (ಘಾಟಿ ಮೇಲಿನ ಮನೆ):

ನಾವು ಕೊಡಗಿನ ಸಂಪಾಜೆ ಘಾಟಿಯ ಮೇಲ್ಭಾಗದಲ್ಲಿ, ಹೆದ್ದಾರಿಯಿಂದ ಸ್ವಲ್ಪ ಒಳಗೆ ವಾಸವಾಗಿದ್ದೇವೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಭಾಗದ ಗುಡ್ಡಗಳು ಜಾರಿದಾಗ ನಮ್ಮ ಮನೆಗೆ ಹಾನಿಯಾಗಲಿಲ್ಲ. ಆದರೆ ಹನ್ನೊಂದು ದಿನ ಪರಿಹಾರ ಕೇಂದ್ರದಲ್ಲಿ ಇರಬೇಕಾಯಿತು. ಅಲ್ಲಿ ಅತ್ತೆಯವರಿಗೆ ತೀವ್ರ ಜ್ವರ ಬಂದು, ಮಂಗಳೂರಿನ ರಸ್ತೆ ಕುಸಿದಿದ್ದರಿಂದ ಅವರನ್ನು ಸುತ್ತುಬಳಸಿ ಆಸ್ಪತ್ರೆಗೆ ಸಾಗಿಸಿದ ಆ ರಾತ್ರಿಯನ್ನು ನಾನಿನ್ನೂ ಮರೆತಿಲ್ಲ. ಮುಂದೆ ಕೋವಿಡ್ ಬಂತು. 2022ರ ಜೂನ್‌ನಲ್ಲಿ ಚೆಂಬು, ಸಂಪಾಜೆ ಕಡೆ ಭೂಮಿ ಕಂಪಿಸಿ, ಅಡುಗೆಮನೆಯ ಪಾತ್ರೆಗಳು ಸದ್ದು ಮಾಡಿದವು.

ಈಗ ಮಳೆಗಾಲ ಹಿಡಿಯಿತೆಂದರೆ ನಾನು ನಾನಾಗಿರುವುದಿಲ್ಲ. ರಾತ್ರಿ ಎದ್ದು ಟಾರ್ಚ್ ಹಿಡಿದು ಮನೆಯ ಹಿಂದಿನ ಬರೆಯನ್ನು (ಗುಡ್ಡದ ಕಡಿದಾದ ಅಂಚನ್ನು) ನೋಡುತ್ತೇನೆ, ಒಳಗೆ ಬಂದು ಮಗಳ ಹಣೆ ಮುಟ್ಟುತ್ತೇನೆ, ಆಮೇಲೆ ಥರ್ಮಾಮೀಟರ್ ಹುಡುಕುತ್ತೇನೆ. ಎದೆ ಬಡಿದುಕೊಳ್ಳತೊಡಗಿದರೆ ಅದು ಡೆಂಗಿಯೋ ಇಲಿಜ್ವರವೋ ಎಂಬ ಶಂಕೆ ಹುಟ್ಟುತ್ತದೆ. ಮನೆಯವರು "ಆದದ್ದಾಗಲಿ" ಎನ್ನುತ್ತಾರೆ. ನನಗೆ ಹಾಗೆನ್ನಲು ಬರುವುದಿಲ್ಲ. ಇಂಥ ಭಯವನ್ನು ಅನುಭವಿಸಿದವರು ದಯವಿಟ್ಟು ತಿಳಿಸಿ.

ಉತ್ತರ 1 (ನಿವೃತ್ತ ಆರೋಗ್ಯ ಸಹಾಯಕಿ, ಸುಳ್ಯ):

ತಂಗೀ, ನೀವು ಎರಡು ಭಯಗಳೆಂದು ಬರೆದಿದ್ದೀರಿ. ನನಗೆ ಕಾಣುವುದು ಒಂದೇ: ರಸ್ತೆ ಕಡಿದುಹೋದ ರಾತ್ರಿ ಮನೆಯಲ್ಲಿ ಯಾರಾದರೂ ಕಾಯಿಲೆಯಿಂದ ಮಲಗಿದರೆ ಗತಿ ಏನು ಎಂಬ ಭಯ. ಅದು ನಿಮಗೆ ಒಮ್ಮೆ ನಿಜವಾಗಿಯೇ ಆಗಿಹೋಗಿರುವುದರಿಂದ "ಸುಮ್ಮನೆ ಹೆದರಬೇಡಿ" ಎಂಬ ಮಾತಿನಿಂದ ಉಪಯೋಗವಿಲ್ಲ. ಆ ರಾತ್ರಿಗೆ ಬೇಕಾದುದನ್ನು ಈಗಲೇ, ಬಿಸಿಲಿರುವಾಗಲೇ ಮಾಡಿಡುವುದು ಒಳ್ಳೆಯದು. ಅತ್ತೆಯವರಿಗೆ ಸಕ್ಕರೆ, ರಕ್ತದೊತ್ತಡದ ಔಷಧಿಗಳಿದ್ದರೆ ಒಂದು ತಿಂಗಳಿಗಾಗುವಷ್ಟು ತಂದಿಡಿ. ಸಾಧ್ಯವಾದರೆ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಅವರು ಆಸ್ಪತ್ರೆ ಹತ್ತಿರವಿರುವ ನೆಂಟರ ಮನೆಯಲ್ಲಿರಲಿ. ಪ್ಯಾರಸಿಟಮಾಲ್, ಓಆರ್‌ಎಸ್ ಪೊಟ್ಟಣ, ಗಾಯಕ್ಕೆ ಪಟ್ಟಿ, ಆಧಾರ್ ಮತ್ತು ಹಳೆಯ ಔಷಧಿ ಚೀಟಿಗಳ ಪ್ರತಿ, ಇವೆಲ್ಲ ನೀರು ಹೋಗದ ಒಂದೇ ಚೀಲದಲ್ಲಿರಲಿ.

ಕಾಯಿಲೆಗಳ ವಿಷಯದಲ್ಲಿಯೂ ಅಷ್ಟೇ, ಹೆಸರಿಗಿಂತ ಸ್ವಭಾವ ತಿಳಿದಿರಬೇಕು. ಇಲಿಜ್ವರ ಗಾಳಿಯಲ್ಲಿ ಬರುವುದಲ್ಲ. ಇಲಿಯ ಮೂತ್ರ ಸೇರಿದ ಕೆಸರು, ನೀರು ಕಾಲಿನ ಗಾಯಕ್ಕೆ ತಗಲಿದಾಗ ಹೆಚ್ಚಾಗಿ ಬರುತ್ತದೆ. ಗದ್ದೆಗೋ ನೆರೆ ನೀರಿಗೋ ಇಳಿಯುವವರು ಗಾಯ ಮುಚ್ಚಿ ಬೂಟು ಹಾಕಲಿ, ಹತ್ತಿದ ಮೇಲೆ ಸಾಬೂನಿನಿಂದ ಕಾಲು ತೊಳೆಯಲಿ. ಕೆಲವು ದಿನಗಳ ನಂತರ ಜ್ವರದ ಜೊತೆಗೆ ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ವೈದ್ಯರಿಗೆ "ನೀರಿಗಿಳಿದಿದ್ದೆ" ಎಂದು ಮೊದಲೇ ಹೇಳಬೇಕು. ಈ ಒಂದು ಮಾತನ್ನು ಹೇಳದೆ ತಡವಾದ ಪ್ರಕರಣಗಳನ್ನು ನಾನು ಕಂಡಿದ್ದೇನೆ. ಡೆಂಗಿಯಲ್ಲಿ ಎಚ್ಚರ ಬೇಕಾದುದು ಜ್ವರ ಇಳಿಯುವ ಹೊತ್ತಿಗೆ: ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ತಡಮಾಡಬಾರದು. ವೈದ್ಯರನ್ನು ಕಾಣುವ ತನಕ ಆಸ್ಪಿರಿನ್, ಐಬುಪ್ರೊಫೆನ್ ಕೊಡಬೇಡಿ. ನಿಮ್ಮ ಮಗಳಿಗೆ ಇವು ಯಾವುವೂ ಇಲ್ಲದಿರುವಾಗ ಹಣೆ ಮುಟ್ಟಿ ನೋಡುವುದರಿಂದ ಹೊಸದೇನೂ ತಿಳಿಯುವುದಿಲ್ಲ.

ಉತ್ತರ 2 (ಮೊದಲು ನಾನೂ ಹಾಗೆಯೇ ಇದ್ದೆ):

ಮೇಲಿನ ಉತ್ತರ ಒಪ್ಪತಕ್ಕದ್ದೇ, ಆದರೆ ಸಿದ್ಧತೆ ಮುಗಿದ ಮೇಲೂ ಭಯ ಹೋಗದವರ ಗುಂಪಿಗೆ ನಾನು ಸೇರಿದವನು. ಚೀಲ ಕಟ್ಟಿಟ್ಟ ಮರುದಿನದಿಂದ ಚೀಲವನ್ನೇ ಬಿಚ್ಚಿ ಬಿಚ್ಚಿ ನೋಡತೊಡಗಿದೆ! ಹೆದರಿದಾಗ ಎದೆ ಬಡಿತ ಏರುತ್ತದೆ, ಉಸಿರು ಮೇಲ್ಮೇಲಾಗುತ್ತದೆ, ಬೆವರು, ತಲೆ ಹಗುರಾದಂತೆ, ಕೈ ಜುಮ್ಮೆನ್ನುವಂತೆ ಆಗುತ್ತದೆ. ಇವನ್ನೇ ಕಾಯಿಲೆಯ ಲಕ್ಷಣಗಳೆಂದು ತಿಳಿದು ಇನ್ನಷ್ಟು ಹೆದರುತ್ತೇವೆ. ಪ್ರತಿ ಬಾರಿ ಪರೀಕ್ಷಿಸಿದಾಗಲೂ ಸಿಗುವ ನೆಮ್ಮದಿ ಹತ್ತು ನಿಮಿಷದ್ದು, ಆಮೇಲೆ ಮನಸ್ಸು ಮತ್ತೊಂದು ಪರೀಕ್ಷೆ ಕೇಳುತ್ತದೆ.

ಈ ಭಯಕ್ಕೆ ಪಡೆದ ಚಿಕಿತ್ಸೆಯಲ್ಲಿ ನನಗೆ ಹೇಳಿಕೊಟ್ಟ ಪ್ರಕಾರ ಮಳೆಯ ಮುನ್ಸೂಚನೆಯನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮಾತ್ರ ನೋಡುತ್ತೇನೆ. ರೆಡ್ ಅಲರ್ಟ್ ಎಂಬುದು ಸಾಮಾನ್ಯವಾಗಿ 24 ಗಂಟೆಗಳಲ್ಲಿ 204.4 ಮಿ.ಮೀ. ಮೀರಿ ಮಳೆಯಾಗುವ ಸಂಭವಕ್ಕೆ ಹವಾಮಾನ ಇಲಾಖೆ ಕೊಡುವ ಬಣ್ಣ. ಅದು ಜಿಲ್ಲೆಗೆ ಕೊಟ್ಟ ಎಚ್ಚರಿಕೆ, ನಿಮ್ಮ ಮನೆಯ ಹಿಂದಿನ ಬರೆಯ ಭವಿಷ್ಯವಲ್ಲ. ಆ ಬಣ್ಣ ಬಂದ ದಿನ ಏನು ಮಾಡಬೇಕೆಂದು ಮೊದಲೇ ನಿಶ್ಚಯಿಸಿದ್ದರೆ ಮತ್ತೆ ಮತ್ತೆ ನೋಡುವ ಅಗತ್ಯವಿಲ್ಲ. ಥರ್ಮಾಮೀಟರನ್ನು ನಾನು ಹೆಂಡತಿಯ ಕೈಗೆ ಕೊಟ್ಟೆ. ಬೇಕೆನಿಸಿದಾಗ ಕೇಳಬೇಕು, ಕೇಳುವ ಮೊದಲು ಅರ್ಧ ಗಂಟೆ ಕಾಯಬೇಕು ಎಂಬ ಕರಾರು. ಮೊದಲ ವಾರ ಜಗಳವೇ ಆಯಿತು.

ನಿದ್ದೆ, ಊಟ, ಕೆಲಸ ಕೆಡುವಷ್ಟಾಗಿದ್ದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲು ರಾತ್ರಿ ಲಭ್ಯ, ಶುಲ್ಕವಿಲ್ಲ, ಕನ್ನಡದಲ್ಲಿ ಮಾತನಾಡಬಹುದು. ನಾನು ಮೊದಲ ಕರೆ ಮಾಡಿದ್ದು ಮಳೆ ಸುರಿಯುತ್ತಿದ್ದ ಒಂದು ರಾತ್ರಿ ಎರಡು ಗಂಟೆಗೆ.

ಉತ್ತರ 3 (ಕಾಫಿ ಬೆಳೆಗಾರ):

ಒಂದು ಭಿನ್ನಾಭಿಪ್ರಾಯವಿದೆ. ಬರೆ ನೋಡುವುದನ್ನು ಪೂರ್ತಿ ನಿಲ್ಲಿಸಬೇಡಿ, ಹಗಲಿಗೆ ಬದಲಾಯಿಸಿಕೊಳ್ಳಿ. ರಾತ್ರಿ ಟಾರ್ಚಿನ ಬೆಳಕಿನಲ್ಲಿ ಮಳೆಹನಿ ಬಿಟ್ಟು ಬೇರೇನೂ ಕಾಣದು. ನೆಲದಲ್ಲಿ ಹೊಸ ಬಿರುಕು, ವಾಲಿದ ಮರ ಅಥವಾ ಕರೆಂಟು ಕಂಬ, ಮುಚ್ಚಲು ಬಾರದ ಬಾಗಿಲು, ಇದ್ದಕ್ಕಿದ್ದಂತೆ ಕೆಂಪಾದ ಅಥವಾ ನಿಂತುಹೋದ ಒರತೆ, ಇವು ನೋಡಬೇಕಾದ ಗುರುತುಗಳು. ಇವುಗಳಲ್ಲಿ ಒಂದು ಕಂಡರೂ ಅಲರ್ಟಿನ ಬಣ್ಣ ನೋಡುತ್ತ ಕೂರದೆ ಹೊರಡಬೇಕು. 2018ರ ಕುಸಿತಗಳಿಗೆ ಮಳೆಯ ಜೊತೆಗೆ ಗುಡ್ಡವನ್ನು ನೆಟ್ಟಗೆ ಕಡಿದದ್ದೂ ಕಾರಣವೆಂದು ಭೂವಿಜ್ಞಾನಿಗಳು ಹೇಳಿದ್ದಾರೆ. ಹಾಗಾಗಿ ಬರೆಯ ಮೇಲಿನ ನೀರು ಎತ್ತ ಹರಿಯುತ್ತದೆ ಎಂಬುದನ್ನು ಬೇಸಿಗೆಯಲ್ಲಿಯೇ ಸರಿಪಡಿಸುವುದು ಟಾರ್ಚಿಗಿಂತ ಮೇಲು.

ಮರುಮಾತು (ಘಾಟಿ ಮೇಲಿನ ಮನೆ):

ಎಲ್ಲರಿಗೂ ಕೃತಜ್ಞತೆಗಳು. ಇಂದು ಬೆಳಿಗ್ಗೆ ಮನೆಯವರ ಜೊತೆ ಬರೆಯ ಮೇಲೆ ಹೋಗಿ ನೋಡಿದಾಗ ತೋಟದ ಚರಂಡಿ ತರಗೆಲೆಯಿಂದ ಕಟ್ಟಿಕೊಂಡು ನೀರು ನೇರ ನಮ್ಮ ಅಂಗಳದ ಕಡೆಗೇ ತಿರುಗಿದ್ದು ಕಾಣಿಸಿತು. ಇಷ್ಟು ರಾತ್ರಿಗಳು ಟಾರ್ಚ್ ಹಿಡಿದರೂ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅವರೇ ಹಾರೆ ತಂದು ಬಿಡಿಸಿದರು, "ಆದದ್ದಾಗಲಿ" ಎನ್ನಲಿಲ್ಲ. ಅತ್ತೆಯವರು ಜುಲೈನಲ್ಲಿ ನಾದಿನಿಯ ಮನೆಗೆ ಹೋಗಲು ಒಪ್ಪಿದ್ದಾರೆ, ಅವರ ಕೋಳಿಗಳನ್ನು ನಾನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ. 14416 ಅನ್ನು ಫೋನಿನಲ್ಲಿ ಉಳಿಸಿಕೊಂಡಿದ್ದೇನೆ. ಥರ್ಮಾಮೀಟರನ್ನು ಮಾತ್ರ ಇನ್ನೂ ಯಾರ ಕೈಗೂ ಕೊಟ್ಟಿಲ್ಲ.