ಒಂದೇ ಗೋಳಿಮರದಲ್ಲಿ ಮಂಗಟ್ಟೆ, ಕುಟ್ರು, ಹಸಿರು ಪಾರಿವಾಳ: ತಿನ್ನುವ ರೀತಿ ಬೇರೆಯೇ?

ಪ್ರಶ್ನೆ:
ದಾಂಡೇಲಿಯ ಮರದ ಡಿಪೋ ಬಳಿ ಹಣ್ಣು ಬಿಟ್ಟಿದ್ದ ಗೋಳಿಮರವೊಂದರಲ್ಲಿ ಕಪ್ಪು-ಬಿಳುಪು ಮಂಗಟ್ಟೆ, ಕುಟ್ರು ಹಾಗೂ ಹಸಿರು ಪಾರಿವಾಳಗಳು ಒಟ್ಟಿಗೆ ಮೇಯುತ್ತಿದ್ದವು. ಅಷ್ಟು ದೊಡ್ಡ ಕೊಕ್ಕಿನ ಮಂಗಟ್ಟೆಯು ಬಟಾಣಿ ಗಾತ್ರದ ಹಣ್ಣನ್ನು ಕೊಕ್ಕಿನ ತುದಿಯಲ್ಲಿ ಹಿಡಿದು, ತಲೆಯನ್ನು ಹಿಂದಕ್ಕೆ ಚಿಮ್ಮಿ ಗಂಟಲಿಗೆ ಎಸೆದುಕೊಳ್ಳುವುದೇಕೆ? ಮೂರೂ ಒಂದೇ ಹಣ್ಣನ್ನು ತಿನ್ನುವುದರಿಂದ ಬೀಜ ಹರಡುವುದರಲ್ಲಿಯೂ ಮೂರೂ ಸಮಾನವೇ?

ಉತ್ತರ 1:
ಮಂಗಟ್ಟೆಯ ನಾಲಿಗೆ ಬಹಳ ಗಿಡ್ಡ. ಕೊಕ್ಕಿನ ತುದಿಯಲ್ಲಿರುವ ಹಣ್ಣನ್ನು ಗಂಟಲಿನವರೆಗೆ ಒಯ್ಯಲು ಅದಕ್ಕೆ ಸಾಧ್ಯವಿಲ್ಲ, ಆದ್ದರಿಂದಲೇ ಆ ಎಸೆತ. ಬೀಜದ ಮಟ್ಟಿಗೆ ಮೂರೂ ಸಮಾನವಲ್ಲ. ಹಸಿರು ಪಾರಿವಾಳದ ಬಲವಾದ ಜಠರವು ಗೋಳಿಯ ಬೀಜಗಳನ್ನು ಬಹುಮಟ್ಟಿಗೆ ಅರೆದುಬಿಡುತ್ತದೆ. ಕುಟ್ರುವಿನ ಹಿಕ್ಕೆಯಲ್ಲಿ ಅವು ಕೆಡದೆ ಹೊರಬರುತ್ತವೆ. ಮಂಗಟ್ಟೆಯ ಹೆಚ್ಚುಗಾರಿಕೆ ಕಾಣುವುದು ದೊಡ್ಡ ಬೀಜಗಳಲ್ಲಿ. ರಾಮಪತ್ರೆಯಂತಹ ಹಣ್ಣು ಬಿರಿದಾಗ ಅದು ಪತ್ರೆಯ (ಬೀಜವನ್ನು ಸುತ್ತಿಕೊಂಡಿರುವ ಪೊರೆ) ಸಮೇತ ಬೀಜವನ್ನು ನುಂಗಿ, ಪತ್ರೆ ಕರಗಿದ ಮೇಲೆ ಬೀಜವನ್ನು ಇಡಿಯಾಗಿ ಕಕ್ಕುತ್ತದೆ. ಅಷ್ಟರಲ್ಲಿ ಅದು ತಾಯಿಮರದಿಂದ ದೂರ ಹಾರಿರುವುದೂ ಉಂಟು. ಕುಟ್ರುವಿನ ಚಿಕ್ಕ ಗಂಟಲಿನಲ್ಲಿ ಅಂತಹ ಬೀಜ ಇಳಿಯುವುದೇ ಇಲ್ಲ.

ಉತ್ತರ 2:
ಗೂಡಿನ ಕಾಲದ ಉಣಿಸುವಿಕೆಯನ್ನೂ ಇಲ್ಲಿ ಹೇಳಬೇಕು. ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಹೊಕ್ಕು, ಪೊಟರೆಯ ಬಾಯಿಯನ್ನು ಕಿರಿದಾದ ಸೀಳೊಂದನ್ನು ಬಿಟ್ಟು ಮುಚ್ಚಿಕೊಳ್ಳುತ್ತದೆ. ಅಲ್ಲಿಂದ ಮುಂದೆ ತಿಂಗಳುಗಟ್ಟಲೆ ಅದರ ಆಹಾರವೆಲ್ಲ ಗಂಡಿನ ಹೊಣೆ. ಗಂಡು ಗಂಟಲಿನಲ್ಲಿ ತುಂಬಿಕೊಂಡು ತಂದ ಹಣ್ಣುಗಳನ್ನು ಒಂದೊಂದಾಗಿ ಕೊಕ್ಕಿನ ತುದಿಗೆ ತಂದು ಆ ಸೀಳಿನ ಮೂಲಕ ದಾಟಿಸುವುದನ್ನು ದುರ್ಬೀನಿನಲ್ಲಿ ನೋಡಿದರೆ, ಆ ಭಾರೀ ಕೊಕ್ಕು ಎಷ್ಟು ನಾಜೂಕಾದ ಸಾಧನವೆಂಬುದು ತಿಳಿಯುತ್ತದೆ. ಮಂಗಟ್ಟೆ ಹಣ್ಣನ್ನಷ್ಟೇ ತಿನ್ನುತ್ತದೆ ಎಂಬುದೂ ಸರಿಯಲ್ಲ. ಹಲ್ಲಿ, ಕೀಟ, ಬೇರೆ ಹಕ್ಕಿಗಳ ಮರಿಗಳನ್ನೂ ಅದು ಹಿಡಿಯುತ್ತದೆ.

ಉತ್ತರ 3:
ಒಂದು ವಿನಂತಿ. ಗೋಳಿ, ಬಸರಿ, ಅತ್ತಿ ಮರಗಳೆಲ್ಲ ಒಂದೇ ಕಾಲಕ್ಕೆ ಹಣ್ಣಾಗುವುದಿಲ್ಲವಾದ್ದರಿಂದ, ಬೇರೆ ಹಣ್ಣುಗಳು ಸಿಗದ ದಿನಗಳಲ್ಲಿ ಈ ಹಕ್ಕಿಗಳಿಗೆ ಅವೇ ಆಧಾರ. ದಾಂಡೇಲಿಯಲ್ಲಿ 2011ರಲ್ಲಿ ಮಂಗಟ್ಟೆಗಳಿಗಾಗಿಯೇ ಸಂರಕ್ಷಣಾ ಮೀಸಲು ಪ್ರದೇಶ ಘೋಷಣೆಯಾಗಿದೆ, ಆದರೆ ಹಕ್ಕಿಗಳು ಅದರ ಗಡಿಯೊಳಗೇ ಉಳಿಯುವುದಿಲ್ಲ. ಅಡಿಕೆ ತೋಟವುಳ್ಳವರು ತಮ್ಮ ಸೊಪ್ಪಿನ ಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರುವ ಕಾಡಿನ ಭಾಗ) ಈ ಮರಗಳನ್ನೂ, ಪೊಟರೆಯಿರುವ ಹಳೆಯ ದೊಡ್ಡ ಮರಗಳನ್ನೂ ಕಡಿಯದೆ ಬಿಡಬೇಕೆಂದು ಕೇಳಿಕೊಳ್ಳುತ್ತೇನೆ.