ಕೆಲಸ ಕಲಿಸಿದವರಿಗೇ ಮುಖ್ಯಸ್ಥೆಯಾಗಿದ್ದೇನೆ. ಮುಂದಿನ ಬಡ್ತಿಯನ್ನು ಈಗಲೇ ಒಪ್ಪಿಕೊಳ್ಳಬೇಕೇ?

ಪ್ರಶ್ನೆ (ಪೀಣ್ಯದಿಂದ):

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಮಧ್ಯಮ ಗಾತ್ರದ ಕಾರ್ಖಾನೆಯೊಂದರಲ್ಲಿ ನಾನು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರಗಳ) ವಿಭಾಗದ ಮುಖ್ಯಸ್ಥೆ. ಡಿಪ್ಲೊಮಾ ಮುಗಿಸಿ ಗುಣಮಟ್ಟ ತಪಾಸಣೆಗೆ ಸೇರಿದ್ದ ನಾನು ಕಳೆದ ವರ್ಷ ಈ ಹುದ್ದೆಗೆ ಬಂದೆ. ಯಂತ್ರದ ಮುಂದೆ ನಿಲ್ಲಿಸಿ ನನಗೆ ಕೆಲಸ ಕಲಿಸಿದ ಹಿರಿಯ ಸೆಟ್ಟರ್ (ಯಂತ್ರವನ್ನು ಕೆಲಸಕ್ಕೆ ಅಣಿಗೊಳಿಸುವವರು) ಒಬ್ಬರು ಈಗ ನನ್ನ ವಿಭಾಗದಲ್ಲೇ ಇದ್ದಾರೆ. ಅವರನ್ನು ನಾನು ಇಂದಿಗೂ ಅಣ್ಣ ಎಂದೇ ಕರೆಯುತ್ತೇನೆ, ಅವರ ಕೈಕೆಲಸದ ಬಗ್ಗೆ ಎರಡು ಮಾತಿಲ್ಲ. ಆದರೆ ಯಾವ ತೊಂದರೆ ಬಂದರೂ ಅವರು ನನಗೆ ಹೇಳದೆ ನೇರವಾಗಿ ಮಾಲೀಕರಿಗೆ ಫೋನ್ ಮಾಡುತ್ತಾರೆ. ಮಾಲೀಕರು ಬೆಳಗಿನ ಸಭೆಯಲ್ಲಿ ಅದನ್ನು ಎತ್ತಿದಾಗಲೇ ನನಗೆ ವಿಷಯ ತಿಳಿಯುವುದು.

ಈಚೆಗೆ ರಾತ್ರಿ ಪಾಳಿಯಲ್ಲಿ ಇನ್ಸರ್ಟ್ (ಲೋಹ ಕತ್ತರಿಸುವ ಅಲಗು) ಸವೆದು ಬೋರ್ (ಬಿಡಿಭಾಗದೊಳಗಿನ ರಂಧ್ರ) ಅಳತೆ ಸ್ವಲ್ಪ ಸ್ವಲ್ಪವಾಗಿ ಕಿರಿದಾಗುತ್ತಾ ಹೋಯಿತು. ಆಪರೇಟರ್ ಹುಡುಗ ಬೋರ್ ಗೇಜಿನಲ್ಲಿ ಅದನ್ನು ಕಂಡಿದ್ದರೂ ಸವೆತಕ್ಕೆ ತಕ್ಕಂತೆ ಯಂತ್ರದ ಆಫ್‌ಸೆಟ್ ತಿದ್ದಲಿಲ್ಲ, ಯಂತ್ರ ನಿಲ್ಲಿಸಲಿಲ್ಲ, ಪಾಳಿಯ ಪುಸ್ತಕದಲ್ಲಿ ಬರೆಯಲೂ ಇಲ್ಲ. ಬೆಳಿಗ್ಗೆ ಒಂದು ಟ್ರೇ ತುಂಬಾ ರಿಜೆಕ್ಷನ್. ಯಾಕಪ್ಪಾ ಹೇಳಲಿಲ್ಲ ಎಂದು ಕೇಳಿದರೆ, ಹಿಂದೊಮ್ಮೆ ಹೇಳಿದವನಿಗೆ ಎಲ್ಲರೆದುರು ಬೈಗುಳ ಬಿದ್ದದ್ದನ್ನು ನೆನಪಿಸಿದ.

ಇದರ ನಡುವೆ ನಮ್ಮ ಪ್ಲಾಂಟ್ ಮ್ಯಾನೇಜರ್ ಕೆಲಸ ಬಿಡುತ್ತಿದ್ದು, ಆಯುಧಪೂಜೆಯೊಳಗೆ ಅವರ ಜಾಗದಲ್ಲಿ ಇನ್‌ಚಾರ್ಜ್ ಆಗಿ ನಿಲ್ಲುವಂತೆ ಮಾಲೀಕರು ನನಗೆ ಹೇಳಿದ್ದಾರೆ. ಬಂದ ಅವಕಾಶವನ್ನು ಬಿಡಬಾರದೆಂದು ಮನೆಯವರು ಹೇಳುತ್ತಾರೆ. ಒಂದು ವಿಭಾಗವನ್ನೇ ಸರಿಯಾಗಿ ಹಿಡಿತಕ್ಕೆ ತಂದುಕೊಳ್ಳದೆ ಇಡೀ ಕಾರ್ಖಾನೆಯ ಹೊಣೆ ಹೊರುವುದು ಸರಿಯೇ ಎಂಬ ಪ್ರಶ್ನೆ ನನ್ನನ್ನು ಕಾಡುತ್ತಿದೆ. ಅನುಭವಿಗಳು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ (ಜಾಲಹಳ್ಳಿಯ ನಿವೃತ್ತ ಇಂಜಿನಿಯರ್):

ತಮ್ಮ ಪ್ರಶ್ನೆ ಓದಿದಾಗ ನನಗೆ ನಮ್ಮ ಬೆಂಗಳೂರಿನಲ್ಲೇ ಕೆಲಸ ಮಾಡಿದ ಸತೀಶ್ ಧವನ್ ಅವರ ನೆನಪಾಯಿತು. 1971ರ ಡಿಸೆಂಬರ್‌ನಲ್ಲಿ ವಿಕ್ರಂ ಸಾರಾಭಾಯ್ ತೀರಿಕೊಂಡ ಬಳಿಕ, ಬಾಹ್ಯಾಕಾಶ ಕಾರ್ಯಕ್ರಮದ ಹೊಣೆ ವಹಿಸಿಕೊಳ್ಳುವಂತೆ ಧವನ್ ಅವರಿಗೆ ಕರೆ ಬಂತು. ಆಗ ಅವರು ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರು. ಅಂತಹ ಕರೆ ಬಂದರೂ ಅವರು ಮೊದಲು ತಮ್ಮ ಷರತ್ತುಗಳನ್ನು ತಿಳಿಸಿದರು: ಸಂಸ್ಥೆಯ ನಿರ್ದೇಶಕ ಸ್ಥಾನದಲ್ಲಿ ತಾವು ಮುಂದುವರಿಯಬೇಕು, ಬಾಹ್ಯಾಕಾಶ ಕಾರ್ಯಕ್ರಮದ ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಬೇಕು. ಎರಡಕ್ಕೂ ಒಪ್ಪಿಗೆ ಸಿಕ್ಕಿತು. ಕೆಲಸ ಚೆನ್ನಾಗಿ ನಡೆಯಲು ತನಗೆ ಏನು ಬೇಕೆಂಬುದು ಅವರಿಗೆ ಸ್ಪಷ್ಟವಾಗಿತ್ತು, ಅದನ್ನು ಹೊಣೆ ಹೊರುವ ಮೊದಲೇ ಕೇಳಿದರು. ನನ್ನ ದೃಷ್ಟಿಯಲ್ಲಿ ಸಮಚಿತ್ತವೆಂದರೆ ಇದು. ಸಿಟ್ಟು ಬಾರದಿರುವುದಷ್ಟೇ ಅಲ್ಲ.

ಇನ್ನೊಂದು ಪ್ರಸಂಗ ಬಹಳ ಜನರಿಗೆ ತಿಳಿದದ್ದೇ, ಆದರೂ ತಮ್ಮ ರಾತ್ರಿ ಪಾಳಿಯ ಹುಡುಗನ ವಿಷಯಕ್ಕೆ ಅದು ನೇರವಾಗಿ ತಾಗುತ್ತದೆ. 1979ರ ಆಗಸ್ಟ್ 10ರಂದು ಭಾರತದ ಉಪಗ್ರಹ ಉಡಾವಣಾ ವಾಹನ ಎಸ್‌ಎಲ್‌ವಿ-3ರ ಮೊದಲ ಉಡಾವಣೆ ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆಯ ದೋಷದಿಂದ ವಿಫಲವಾಗಿ, ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು. ಯೋಜನಾ ನಿರ್ದೇಶಕರಾಗಿದ್ದವರು ಅಬ್ದುಲ್ ಕಲಾಂ. ಪತ್ರಕರ್ತರ ಮುಂದೆ ಕುಳಿತು ವೈಫಲ್ಯದ ಹೊಣೆ ಹೊತ್ತವರು ಮಾತ್ರ ಧವನ್. 1980ರ ಜುಲೈ 18ರಂದು ಅದೇ ವಾಹನ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದಾಗ, ಪತ್ರಿಕಾಗೋಷ್ಠಿ ನಡೆಸುವಂತೆ ಅವರು ಕಲಾಂ ಅವರಿಗೇ ಹೇಳಿದರು. ಕಲಾಂ ಇದನ್ನು ಜೀವನದುದ್ದಕ್ಕೂ ಹೇಳಿಕೊಂಡು ಬಂದರು. ಬೆಳಗಿನ ಸಭೆಯಲ್ಲಿ ಮಾಲೀಕರು ರಿಜೆಕ್ಷನ್ ಬಗ್ಗೆ ಕೇಳಿದಾಗ, ಇದು ನನ್ನ ವಿಭಾಗದ ಹೊಣೆ, ಕಾರಣವನ್ನು ಸಂಜೆಯೊಳಗೆ ತಿಳಿಸುತ್ತೇನೆ ಎಂದು ತಾವೇ ಹೇಳಿದರೆ, ಆ ಹುಡುಗ ಮುಂದಿನ ಬಾರಿ ಯಂತ್ರ ನಿಲ್ಲಿಸಲು ಹೆದರುವುದಿಲ್ಲ.

ಉತ್ತರ (ರಾಜಾಜಿನಗರದಿಂದ, ಮಾನವ ಸಂಪನ್ಮೂಲ ವಿಭಾಗ):

ಹಿರಿಯರು ಹೇಳಿದ ಷರತ್ತಿನ ಮಾತನ್ನೇ ಮುಂದುವರಿಸುತ್ತೇನೆ. ನಮ್ಮ ಸಣ್ಣ ಮತ್ತು ಮಧ್ಯಮ ಕಾರ್ಖಾನೆಗಳಲ್ಲಿ ಇನ್‌ಚಾರ್ಜ್ ಎಂಬ ಪದವಿಗೆ ಹೊಣೆಯೆಲ್ಲ ಬರುತ್ತದೆ, ಅಧಿಕಾರ ಮಾತ್ರ ಮಾಲೀಕರ ಮೇಜಿನಲ್ಲೇ ಉಳಿಯುತ್ತದೆ. ಆದ್ದರಿಂದ ಒಪ್ಪಿಕೊಳ್ಳುವ ಮುನ್ನ ಕೆಲವು ಸಂಗತಿಗಳನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ರಜೆ ಮತ್ತು ಓಟಿ ಮಂಜೂರು ಮಾಡುವವರು ಯಾರು, ಎಷ್ಟು ರೂಪಾಯಿಯವರೆಗಿನ ಇನ್ಸರ್ಟ್, ಕೂಲಂಟ್‌ನಂತಹ ಖರೀದಿಗೆ ನೀವೇ ಸಹಿ ಹಾಕಬಹುದು, ಅಳತೆ ತಪ್ಪಿದಾಗ ಯಾರನ್ನೂ ಕೇಳದೆ ಲೈನ್ ನಿಲ್ಲಿಸುವ ಹಕ್ಕು ನಿಮಗಿದೆಯೇ, ಇನ್‌ಚಾರ್ಜ್ ಎಂಬುದು ಕಾಯಂ ಹುದ್ದೆಯಾಗುವುದು ಯಾವಾಗ, ಸಂಬಳ ಪರಿಷ್ಕರಣೆ ಯಾವ ತಿಂಗಳಿನಿಂದ. ಇವನ್ನು ಕೇಳುವುದು ದುರಾಸೆಯೆಂದು ಸಂಕೋಚಪಡಬೇಡಿ. ಓಟಿಯ ಪ್ರಶ್ನೆಯೊಂದನ್ನೇ ನೋಡಿ: ಹೆಚ್ಚುವರಿ ದುಡಿಮೆಗೆ ಕಾನೂನಿನ ಪ್ರಕಾರ ದುಪ್ಪಟ್ಟು ದರ ಕೊಡಬೇಕು, ಆ ಖರ್ಚಿಗೆ ನಾಳೆ ಲೆಕ್ಕ ಕೊಡಬೇಕಾದವರು ನೀವೇ ಆಗುತ್ತೀರಿ.

ನಿಮ್ಮ ಸಿಎನ್‌ಸಿ ವಿಭಾಗಕ್ಕೆ ಬದಲಿ ಯಾರು ಎಂಬುದೂ ತೀರ್ಮಾನವಾಗಬೇಕು. ಎರಡೂ ಕುರ್ಚಿಗಳಲ್ಲಿ ಒಬ್ಬರನ್ನೇ ಕೂರಿಸುವ ಆಲೋಚನೆ ಮಾಲೀಕರದ್ದಾಗಿದ್ದರೆ ಮುಲಾಜಿಲ್ಲದೆ ಬೇಡವೆನ್ನಿ. ಇನ್ನು ಆ ಹಿರಿಯ ಸೆಟ್ಟರ್‌ಗೆ, ಇನ್ನು ಮುಂದೆ ಮಾಲೀಕರಿಗೆ ನೇರವಾಗಿ ಫೋನ್ ಮಾಡಕೂಡದೆಂದು ಸ್ಪಷ್ಟವಾಗಿ ತಿಳಿಸಿ.

ಉತ್ತರ (ಬೊಮ್ಮಸಂದ್ರದಿಂದ, ಉತ್ಪಾದನಾ ವಿಭಾಗ):

ಮೇಲಿನವರ ಕೊನೆಯ ಮಾತನ್ನು ನಾನು ಒಪ್ಪುವುದಿಲ್ಲ. ಫೋನ್ ಎತ್ತುವವರು ಇರುವವರೆಗೂ ಫೋನ್ ಮಾಡುವವರು ಇದ್ದೇ ಇರುತ್ತಾರೆ. ಆದ್ದರಿಂದ ನೀವು ಮೊದಲು ಮಾತನಾಡಬೇಕಾದದ್ದು ಮಾಲೀಕರೊಂದಿಗೆ. ದೂರಿನ ಧಾಟಿ ಬೇಡ. ಆ ಹಿರಿಯರು ಫೋನ್ ಮಾಡಿದಾಗ, ಮೇಡಂಗೆ ತಿಳಿಸಿದ್ದೀರಾ ಎಂಬ ಒಂದೇ ಪ್ರಶ್ನೆಯನ್ನು ಕೇಳಿ ಎಂದು ಕೋರಿಕೊಳ್ಳಿ. ಇಪ್ಪತ್ತು ವರ್ಷ ದುಡಿದ ಕೆಲಸಗಾರರಿಗೆ ಮಾಲೀಕರ ಕಿವಿ ಸಿಗುವುದೇ ಒಂದು ಮರ್ಯಾದೆ. ಅದನ್ನು ಏಕಾಏಕಿ ಕಿತ್ತುಕೊಂಡರೆ ಅವರು ಕುಗ್ಗಿಹೋಗುತ್ತಾರೆ ಅಥವಾ ಪಕ್ಕದ ಕಾರ್ಖಾನೆಗೆ ಹೋಗುತ್ತಾರೆ, ನಷ್ಟ ನಿಮಗೇ. ಅದಕ್ಕೆ ಬದಲಾಗಿ ಅವರಿಗೆ ಬೇರೊಂದು ಮನ್ನಣೆ ಕೊಡಿ. ಪ್ರತಿ ಪಾಳಿಯ ಆರಂಭದಲ್ಲಿ ಮೊದಲ ಬಿಡಿಭಾಗವನ್ನು ಅಳೆದು ಅನುಮತಿ ನೀಡುವ ಸಹಿ ಅವರದಾಗಲಿ, ಹೊಸ ಹುಡುಗರಿಗೆ ಇನ್ಸರ್ಟ್ ಯಾವಾಗ ಬದಲಿಸಬೇಕೆಂದು ಕಲಿಸುವ ಹೊಣೆಯೂ ಅವರದಾಗಲಿ. ನಿಮಗೆ ಕಲಿಸಿದ ಕೈಯಲ್ಲವೇ ಅದು?

ರಾತ್ರಿ ಪಾಳಿಯ ಮೌನ ಇದಕ್ಕಿಂತ ಗಂಭೀರವಾದದ್ದು. ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ನಾಯಕತ್ವವಿದ್ದ ತಂಡಗಳಲ್ಲಿ ತಪ್ಪುಗಳು ಕಡಿಮೆ ಇರಬಹುದೆಂದು ನೋಡಿದರೆ, ದಾಖಲಾದ ತಪ್ಪುಗಳು ಅಲ್ಲಿಯೇ ಹೆಚ್ಚು ಕಂಡವು. ಅಲ್ಲಿನ ನರ್ಸ್‌ಗಳು ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದುದೇ ಅದಕ್ಕೆ ಕಾರಣವೆಂದು ಅವರು ವಿವರಿಸಿದರು. ಹಾಗಾಗಿ ನಿಮ್ಮ ಪಾಳಿ ಪುಸ್ತಕದಲ್ಲಿ ಮುಂದಿನ ಕೆಲವು ವಾರ ದೂರುಗಳು ಹೆಚ್ಚಿದರೆ ಗಾಬರಿಯಾಗಬೇಡಿ, ಮಾಲೀಕರಿಗೂ ಇದನ್ನು ಮುಂಚಿತವಾಗಿಯೇ ಹೇಳಿಡಿ. ಕೆಟ್ಟ ಸುದ್ದಿ ತಂದವನಿಗೆ ನಿಮ್ಮ ಬಾಯಿಂದ ಬರುವ ಮೊದಲ ಮಾತು ಪ್ರಶ್ನೆಯಾಗಿರಲಿ: ಅಳತೆ ಎಷ್ಟಕ್ಕೆ ಬಂದಾಗ ಗಮನಿಸಿದೆ, ಆಗ ಇನ್ಸರ್ಟ್ ಎಷ್ಟು ಪೀಸ್ ಓಡಿತ್ತು? ಉಳಿದ ಮಾತು ಕ್ಯಾಬಿನ್ನಿನಲ್ಲಿ, ಒಬ್ಬೊಬ್ಬರೊಂದಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಪದ್ಧತಿ ನಮ್ಮ ಶಾಪ್ ಫ್ಲೋರ್‌ಗಳಲ್ಲಿ ಮೊದಲಿನಿಂದಲೂ ಇದೆ, ಅದು ನಿಮ್ಮ ವಿಭಾಗದಲ್ಲಾದರೂ ನಿಲ್ಲಲಿ.

ಬಡ್ತಿಯ ಬಗ್ಗೆ ಹೇಳುವುದಾದರೆ, ಷರತ್ತುಗಳಿಗೆ ಮಾಲೀಕರು ಒಪ್ಪಿದರೆ ಖಂಡಿತ ತೆಗೆದುಕೊಳ್ಳಿ. ಪೂರ್ತಿ ಸಿದ್ಧಳಾದ ಮೇಲೆ ಹೋಗುತ್ತೇನೆಂದು ಕಾಯುತ್ತಾ ಕುಳಿತ ಎಷ್ಟೋ ಹೆಣ್ಣುಮಕ್ಕಳ ಮುಂದೆ ಅರ್ಧ ಸಿದ್ಧರಾದ ಗಂಡಸರು ಮೇಲೇರಿದ್ದನ್ನು ನಾನು ನೋಡಿದ್ದೇನೆ.

ಪ್ರಶ್ನೆ ಕೇಳಿದವರು (ಪೀಣ್ಯದಿಂದ):

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಇಮೇಲ್‌ನ ಕರಡು ಬರೆಯಲು ಕುಳಿತಿದ್ದೇನೆ. ಲೈನ್ ನಿಲ್ಲಿಸುವ ಹಕ್ಕು ಮತ್ತು ನನ್ನ ವಿಭಾಗಕ್ಕೆ ಬದಲಿ ವ್ಯಕ್ತಿ, ಈ ಎರಡರಲ್ಲಿ ನಾನು ಹಿಂದೆ ಸರಿಯುವುದಿಲ್ಲ. ಒಂದು ಸಂದೇಹ ಉಳಿದಿದೆ: ಮೊದಲ ಬಿಡಿಭಾಗದ ಸಹಿಯ ವಿಷಯವನ್ನು ಆ ಹಿರಿಯರಿಗೆ ನಾನೇ ಹೇಳಬೇಕೇ ಅಥವಾ ಮಾಲೀಕರಿಂದ ಹೇಳಿಸಬೇಕೇ?

ಉತ್ತರ (ಬೊಮ್ಮಸಂದ್ರದಿಂದ, ಉತ್ಪಾದನಾ ವಿಭಾಗ):

ನೀವೇ ಹೇಳಿ, ಅದೂ ಕ್ಯಾಬಿನ್ನಿಗೆ ಕರೆಸದೆ ಅವರ ಯಂತ್ರದ ಬಳಿಗೇ ಹೋಗಿ. ಮಾಲೀಕರ ಬಾಯಿಂದ ಬಂದರೆ ಅದು ಮಾಲೀಕರು ಕೊಟ್ಟ ಮನ್ನಣೆಯಾಗುತ್ತದೆ, ಫೋನ್ ಮತ್ತೆ ಅವರಿಗೇ ಹೋಗುತ್ತದೆ.