ಇಕೋಸ್ಪೋರ್ಟ್‌ಗೆ ಸ್ಕ್ಯಾನ್ ಕೇಬಲ್ ಯಾವ್ದು ತಗೊಳ್ಲಿ? 400 ರೂಪಾಯಿ ಡಾಂಗಲಲ್ಲಿ ಎಬಿಎಸ್ ಕೋಡ್ ಬರ್ತಿಲ್ಲ

ತೋಟದ_ಇಕೋಸ್ಪೋರ್ಟ್

ಎಲ್ರಿಗೂ ನಮಸ್ಕಾರ. ನಂದು 2018ರ ಫೋರ್ಡ್ ಇಕೋಸ್ಪೋರ್ಟ್ ಡೀಸೆಲ್, ಸಕಲೇಶಪುರದ ಕಡೆ ತೋಟದ ರಸ್ತೆ ಮತ್ತೆ ಘಾಟಿಯಲ್ಲೇ ಜಾಸ್ತಿ ಓಡೋದು. ಮೂರು ವಾರದಿಂದ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದ್ರೆ ಚಕ್ರ ಲಾಕ್ ಆಗದಂಗೆ ತಡೆಯೋ ಸಿಸ್ಟಂ) ಲೈಟ್ ಹತ್ಕೊಂಡಿದೆ, ಆರ್ತಾನೇ ಇಲ್ಲ. ಒಂದು ವರ್ಕ್‌ಶಾಪ್‌ಗೆ ತಗೊಂಡೋದೆ, ಸ್ಕ್ಯಾನರ್ ಹಾಕ್ದೇನೇ ಎಬಿಎಸ್ ಮಾಡ್ಯೂಲ್ (ಅದನ್ನ ನಡೆಸೋ ಕಂಪ್ಯೂಟರ್ ಡಬ್ಬಿ) ಹೋಗಿದೆ 40 ಸಾವಿರದ ಮೇಲಾಗುತ್ತೆ ಅಂದ್ರು, ನಂಗೆ ನಂಬಿಕೆ ಬರ್ಲಿಲ್ಲ ವಾಪಸ್ ಬಂದೆ. ಫೋರ್ಡ್ ಅವ್ರು 2021ರಲ್ಲಿ ಇಲ್ಲಿ ಗಾಡಿ ಮಾಡೋದು ನಿಲ್ಲಿಸ್ತೀವಿ ಅಂದಾಗ್ಲಿಂದ ನಂಗೆ ಒಂದೇ ಯೋಚ್ನೆ, ಈ ಗಾಡಿನ ಇನ್ನೂ ಹತ್ತು ವರ್ಷ ಇಟ್ಕೋಬೇಕು ಅಂದ್ರೆ ಸ್ಕ್ಯಾನಿಂಗ್ ನಾನೇ ಕಲೀಬೇಕು.

ಆನ್‌ಲೈನಲ್ಲಿ 400 ರೂಪಾಯಿಗೆ ನೀಲಿ ಬ್ಲೂಟೂತ್ ಡಾಂಗಲ್ (ಗಾಡಿ ಪೋರ್ಟ್‌ಗೆ ಚುಚ್ಚಿದ್ರೆ ಫೋನ್‌ಗೆ ಡೇಟಾ ಕಳಿಸೋದು) ತರಿಸ್ದೆ, ಟಾರ್ಕ್ ಆಪ್ ಹಾಕಿದ್ರೆ ಆರ್‌ಪಿಎಂ, ಕೂಲೆಂಟ್ ಟೆಂಪರೇಚರ್ ಎಲ್ಲಾ ಬರುತ್ತೆ ಆದ್ರೆ ಫಾಲ್ಟ್ ಕೋಡ್ ಒಂದೂ ಇಲ್ಲ ಅಂತ ತೋರಿಸುತ್ತೆ, ಮೀಟರಲ್ಲಿ ನೋಡಿದ್ರೆ ಲೈಟ್ ಉರೀತಾನೇ ಇದೆ. ಫೋರ್‌ಸ್ಕ್ಯಾನ್ ಅಂತಾರೆ, ಓಬಿಡಿಲಿಂಕ್ ಅಂತಾರೆ, ವಿಲಿಂಕರ್ ಅಂತಾರೆ, ಸ್ವಿಚ್ ಇರೋ ಕೇಬಲ್ ಅಂತಾರೆ, ತಲೆ ಕೆಟ್ಟೋಗಿದೆ. ಬ್ಲೂಟೂತಾ ಯುಎಸ್‌ಬಿನಾ? ಮುಂದೆ ಸ್ವಲ್ಪ ಕೋಡಿಂಗ್ (ಮಾಡ್ಯೂಲ್‌ಗಳ ಸೆಟ್ಟಿಂಗ್ ಬದಲಾಯಿಸೋದು) ಮಾಡೋ ಆಸೆನೂ ಇದೆ. ಗೊತ್ತಿರೋರು ದಯವಿಟ್ಟು ಹೇಳಿ.

ಫಿಗೋ_ರಾಜಾಜಿನಗರ

ಗುರು ನಿಮ್ ಡಾಂಗಲ್ ಸುಳ್ಳು ಹೇಳ್ತಿಲ್ಲ, ಟಾರ್ಕ್ ಆಪ್ ಕೇಳೋದೇ ಎಮಿಷನ್‌ಗೆ ಸಂಬಂಧಪಟ್ಟ ಸ್ಟ್ಯಾಂಡರ್ಡ್ ಕೋಡ್ ಮಾತ್ರ, ಅಂದ್ರೆ ಇಂಜಿನ್ ಕಡೆಯ ಪಿ ಅಕ್ಷರದ ಕೋಡ್‌ಗಳು. ಎಬಿಎಸ್ ಕೋಡ್ ಸಿ ಇಂದ ಶುರುವಾಗುತ್ತೆ, ಬಾಡಿದು ಬಿ, ಮಾಡ್ಯೂಲ್‌ಗಳ ನಡುವಿನ ಸಂಪರ್ಕದ್ದು ಯು. ಅವುಗಳನ್ನ ಓದೋಕೆ ಕಂಪ್ನಿಯ ಭಾಷೆ ಗೊತ್ತಿರೋ ಸಾಫ್ಟ್‌ವೇರ್ ಬೇಕು. ಫೋರ್ಡ್‌ಗೆ ಅದು ಫೋರ್‌ಸ್ಕ್ಯಾನ್, ಬೇರೆ ಹುಡುಕೋದೇ ಬೇಡ. ಲ್ಯಾಪ್‌ಟಾಪಲ್ಲಿ ವಿಂಡೋಸ್ ವರ್ಷನ್ ಹಾಕಿ, ಕೋಡ್ ಓದೋದು, ಅಳಿಸೋದು, ಲೈವ್ ಡೇಟಾ ನೋಡೋದು ಎಲ್ಲಾ ಫ್ರೀ. ಫೋನಲ್ಲಿ ಫೋರ್‌ಸ್ಕ್ಯಾನ್ ಲೈಟ್ ಇದೆ, ಅದೂ ಓದುತ್ತೆ, ಆದ್ರೆ ಕೋಡಿಂಗ್ ಅದರಲ್ಲಿ ಆಗಲ್ಲ.

ಇನ್ನು ಕೇಬಲ್ ವಿಷ್ಯ, ಎಲ್ರೂ ಎಡವೋದು ಇಲ್ಲೇ. ಫೋರ್ಡಲ್ಲಿ ಎರಡು ಕ್ಯಾನ್ ಲೈನ್ ಇದೆ, ಅಂದ್ರೆ ಮಾಡ್ಯೂಲ್‌ಗಳು ಒಂದಕ್ಕೊಂದು ಮಾತಾಡೋ ವೈರ್‌ಗಳು. ಸ್ಟೀರಿಂಗ್ ಕೆಳಗಿರೋ ಪೋರ್ಟಲ್ಲಿ 6 ಮತ್ತೆ 14ನೇ ಪಿನ್ನು ಹೈಸ್ಪೀಡ್ ಲೈನ್, 500 ಕೆಬಿಪಿಎಸ್, ಇಂಜಿನ್ ಮತ್ತೆ ಎಬಿಎಸ್ ಎಲ್ಲಾ ಅದರಲ್ಲಿ. 3 ಮತ್ತೆ 11ನೇ ಪಿನ್ನು ಮೀಡಿಯಂ ಸ್ಪೀಡ್, 125 ಕೆಬಿಪಿಎಸ್, ಆಡಿಯೋ ಏಸಿ ಅಂಥವೆಲ್ಲಾ ಆ ಕಡೆ. ಸಾಮಾನ್ಯ ಡಾಂಗಲ್‌ಗೆ 3 ಮತ್ತೆ 11ರ ಕನೆಕ್ಷನ್ನೇ ಇರಲ್ಲ, ಅದಕ್ಕೇ ಸ್ವಿಚ್ ಇರೋ ಕೇಬಲ್ ಬಂದಿದ್ದು, ಫೋರ್‌ಸ್ಕ್ಯಾನ್ ಸ್ಕ್ಯಾನ್ ಮಧ್ಯದಲ್ಲಿ ಸ್ವಿಚ್ ಬದಲಾಯಿಸು ಅನ್ನುತ್ತೆ ನಾವು ಬದಲಾಯಿಸ್ಬೇಕು. ಓಬಿಡಿಲಿಂಕ್ ಇಎಕ್ಸ್, ವಿಲಿಂಕರ್ ಎಫ್‌ಎಸ್ ಯುಎಸ್‌ಬಿ ಇವೆರಡೂ ಫೋರ್‌ಸ್ಕ್ಯಾನ್ ಬಳಸೋರಿಗೆ ಅಂತ್ಲೇ ಮಾಡಿರೋವು, ತಾವೇ ಬದಲಾಯಿಸ್ಕೊಳ್ತವೆ. ನಂದು ವಿಲಿಂಕರ್, ಒಂದ್ಸಲನೂ ಕೈ ಕೊಟ್ಟಿಲ್ಲ.

ಆ 400 ರೂಪಾಯಿದರ ಮೇಲೆ ವಿ1.5 ಅಂತ ಬರ್ದಿದ್ಯಾ ನೋಡಿ. ಇಂಥ ಡಾಂಗಲ್ ಒಳಗೆ ಇರ್ಬೇಕಾದ ಇಎಲ್‌ಎಂ327 ಚಿಪ್ ಮಾಡ್ತಿದ್ದ ಕೆನಡಾದ ಕಂಪ್ನಿ 1.5 ಅನ್ನೋ ವರ್ಷನ್ ಯಾವತ್ತೂ ಬಿಟ್ಟೇ ಇಲ್ಲ. ಈಗ ಆ ಕಂಪ್ನಿನೇ ಮುಚ್ಚಿದೆ, ಹಾಗಾಗಿ ಮಾರ್ಕೆಟಲ್ಲಿ ಸಸ್ತಾ ಸಿಗೋದೆಲ್ಲಾ ನಕಲು. ಎಷ್ಟೋ ನಕಲು ಚಿಪ್‌ಗೆ ಅರ್ಧ ಕಮಾಂಡ್ ಅರ್ಥನೇ ಆಗಲ್ಲ. ಓದೋಕೆ ಹೇಗೋ ನಡೆಯುತ್ತೆ, ಬರೆಯೋಕೆ ಮಾತ್ರ ದಯವಿಟ್ಟು ಬಳಸ್ಬೇಡಿ.

ಹುಬ್ಳಿ_ಎಂಡೆವರ್

ಸರ, ಮ್ಯಾಲೆ ಹೇಳಿದ್ದು ಖರೇ ಐತ್ರಿ. ನಾ ಮಾಡಿದ ತಪ್ಪು ನೀವು ಮಾಡಬ್ಯಾಡ್ರಿ ಅಂತ ಹೇಳಾಕತ್ತೀನಿ. ಸಸ್ತಾ ಬ್ಲೂಟೂತ್ ಡಾಂಗಲ್ ಹಾಕ್ಕೊಂಡು ಬಾಡಿ ಮಾಡ್ಯೂಲಿಗೆ ಕೋಡಿಂಗ್ ಬರಿಯಾಕ ಹೋದೆ, ನಡುವ ಕನೆಕ್ಷನ್ ಕಟ್ ಆತು, ಗಾಡಿ ಲಾಕ್ ಕೆಲಸ ಮಾಡ್ಲಿಲ್ಲ, ಇಂಡಿಕೇಟರ್ ಕೆಲಸ ಮಾಡ್ಲಿಲ್ಲ, ಎರಡು ದಿನ ಮನಿ ಮುಂದ ನಿಂತಿತ್ತು. ಪುಣ್ಯಾಕ ಮೊದಲ ಬ್ಯಾಕಪ್ ಫೈಲ್ ತಗದಿಟ್ಟಿದ್ದೆ, ದೋಸ್ತನ ಕಡೆ ಯುಎಸ್‌ಬಿ ಕೇಬಲ್ ಇಸ್ಕೊಂಡು ಅದನ್ನ ವಾಪಸ್ ಬರದ ಮ್ಯಾಲೆ ಗಾಡಿ ಸರಿ ಆತು. ಆ ಫೈಲ್ ಇರದಿದ್ರ ಏನ್ ಮಾಡ್ತಿದ್ದೆ ಅಂತ ಈಗ ನೆನಸಿದ್ರೂ ಎದಿ ಝಲ್ ಅಂತೈತಿ.

ಕೋಡಿಂಗಿಗೆ ಫೋರ್‌ಸ್ಕ್ಯಾನಿನ ಎಕ್ಸ್‌ಟೆಂಡೆಡ್ ಲೈಸೆನ್ಸ್ ಬೇಕ್ರಿ, ನಾ ತಗೊಂಡಾಗ ಎರಡು ತಿಂಗಳ ಟ್ರಯಲ್ ಫ್ರೀ ಸಿಕ್ಕಿತ್ತು, ಅದು ಒಂದ ಲ್ಯಾಪ್‌ಟಾಪಿಗೆ ಕಟ್ಟಿರ್ತೈತಿ. ಬರಿಯೋ ಮೊದಲು ಎಲ್ಲಾ ಮಾಡ್ಯೂಲಿನ ಎಬಿಟಿ ಫೈಲ್, ಅಂದ್ರ ಬ್ಯಾಕಪ್, ಸೇವ್ ಮಾಡ್ರಿ, ಪೆನ್‌ಡ್ರೈವಿಗೂ ಒಂದು ಕಾಪಿ ಹಾಕ್ರಿ. ಗಾಡಿ ಬ್ಯಾಟರಿಗೆ ಚಾರ್ಜರ್ ಹಚ್ಚಿರಿ, ಇಗ್ನಿಷನ್ ಆನ್ ಇದ್ದಾಗ ವೋಲ್ಟೇಜ್ ಇಳಿಯಾಕ ಟೈಮ್ ಬೇಕಾಗಂಗಿಲ್ಲ. ಲ್ಯಾಪ್‌ಟಾಪ್ ಸ್ಲೀಪ್‌ಗೆ ಹೋಗದಂಗ ಸೆಟ್ಟಿಂಗ್ ಮಾಡ್ರಿ. ಏರ್‌ಬ್ಯಾಗ್, ಕೀ ಪ್ರೋಗ್ರಾಮಿಂಗ್ ಕಡೆ ಶುರುವಿನ್ಯಾಗ ಹೋಗಬ್ಯಾಡ್ರಿ.

ಇನ್ನೊಂದು ಕೇಳ್ತೀನಿ ಸರ, ಲೈಟ್ ಬರೋ ಮುಂಚೆ ಗಾಲಿ ಕಡೆ ಏನರ ಕೆಲಸ ಮಾಡ್ಸಿದ್ರೇನು? ಶಾಕ್, ಬ್ರೇಕ್, ಬೇರಿಂಗ್?

ಕುಡ್ಲ_ಪೋಲೋ

ನಂದು ಫೋರ್ಡ್ ಅಲ್ಲ, ಪೋಲೋ ಟಿಡಿಐ. ಆದ್ರೂ ಈ ಥ್ರೆಡ್ ನೋಡಿ ಫೋಕ್ಸ್‌ವ್ಯಾಗನ್, ಸ್ಕೋಡಾದವ್ರು ಫೋರ್‌ಸ್ಕ್ಯಾನ್ ಹಾಕ್ಲಿಕ್ಕೆ ಹೋಗ್ಬಾರ್ದು ಅಂತ ಬರೀತಾ ಇದ್ದೇನೆ. ನಮ್ಗೆ ವಿಸಿಡಿಎಸ್ ಅನ್ನೋ ಸಾಫ್ಟ್‌ವೇರ್ ಉಂಟು, ರಾಸ್‌ಟೆಕ್‌ನವ್ರದ್ದು, ಅದಕ್ಕೆ ಅವ್ರದ್ದೇ ಹೆಕ್ಸ್ ವಿ2 ಥರದ ಕೇಬಲ್ ಆಗ್ಬೇಕು, ಎಷ್ಟು ಗಾಡಿಗೆ ಬಳಸ್ಬಹುದು ಅನ್ನೋ ಲೆಕ್ಕದಲ್ಲಿ ಬೇರೆ ಬೇರೆ ರೇಟಿಗೆ ಬರ್ತದೆ. ಕಡಿಮೆ ರೇಟಿನ ನಕಲಿ ವಿಸಿಡಿಎಸ್ ಕೇಬಲ್ ತುಂಬಾ ಸಿಗ್ತದೆ, ನಾನೂ ಒಂದು ತಗೊಂಡಿದ್ದೆ, ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದ ದಿನವೇ ಅದು ಸತ್ತು ಹೋಯ್ತು ಮಾರಾಯ್ರೇ. ಈಗ ಓಬಿಡಿಇಲೆವೆನ್ ಬಳಸ್ತಾ ಇದ್ದೇನೆ, ಅವ್ರದ್ದೇ ಡಾಂಗಲ್ ಮತ್ತೆ ಫೋನ್ ಇದ್ರೆ ಸಾಕು, ರೆಡಿ ಇರುವ ಒನ್ ಕ್ಲಿಕ್ ಆಪ್‌ಗೆ ಕ್ರೆಡಿಟ್ ಖರ್ಚಾಗ್ತದೆ, ಕೈಯಾರೆ ಲಾಂಗ್ ಕೋಡಿಂಗ್ ಮಾಡ್ಬೇಕಾದ್ರೆ ದೊಡ್ಡ ಪ್ಲ್ಯಾನ್ ಆಗ್ಬೇಕು. ಬಿಎಂಡಬ್ಲ್ಯೂನವ್ರಿಗೆ ಬಿಮ್ಮರ್‌ಕೋಡ್ ಬೇರೆಯೇ. ಅಂದ್ರೆ ಗಾಡಿ ಯಾವ್ದು ನೋಡಿ ಸಾಫ್ಟ್‌ವೇರ್, ಆ ಸಾಫ್ಟ್‌ವೇರ್ ಏನು ಕೇಳ್ತದೆ ನೋಡಿ ಕೇಬಲ್, ಮೊದ್ಲೇ ಕೇಬಲ್ ತಗೊಳ್ಬೇಡಿ.

ಡಾಂಗಲ್ ಪೋರ್ಟಲ್ಲೇ ಬಿಟ್ಟು ವಾರಗಟ್ಲೆ ಗಾಡಿ ನಿಲ್ಲಿಸ್ಬೇಡಿ, ಬ್ಯಾಟರಿ ಇಳೀತದೆ.

ತೋಟದ_ಇಕೋಸ್ಪೋರ್ಟ್

ಎಲ್ರಿಗೂ ತುಂಬಾ ಥ್ಯಾಂಕ್ಸ್. ಯುಎಸ್‌ಬಿ ವಿಲಿಂಕರ್ ಆರ್ಡರ್ ಮಾಡಿ, ನಿನ್ನೆ ಬಂತು, ಲ್ಯಾಪ್‌ಟಾಪಲ್ಲಿ ಫೋರ್‌ಸ್ಕ್ಯಾನ್ ಹಾಕಿದ್ ತಕ್ಷಣ ಎಲ್ಲಾ ಮಾಡ್ಯೂಲ್ ಲಿಸ್ಟ್ ಆಯ್ತು, ನೋಡಿ ನಂಗೆ ಎಷ್ಟು ಖುಷಿ ಆಯ್ತು ಅಂತ ಹೇಳಕ್ಕಾಗಲ್ಲ. ಎಬಿಎಸ್‌ನಲ್ಲಿ ಒಂದೇ ಕೋಡು, ಸಿ0034, ಬಲಗಡೆ ಮುಂದಿನ ಚಕ್ರದ ಸ್ಪೀಡ್ ಸೆನ್ಸರ್. ಮಾಡ್ಯೂಲ್ ಹೋಗಿದೆ ಅನ್ನೋ ಕೋಡ್ ಎಲ್ಲೂ ಇಲ್ಲ.

ಹುಬ್ಳಿ ಅಣ್ಣ, ಹೌದು, ಅದೇ ಚಕ್ರದ ಬೇರಿಂಗ್ ಶಬ್ದ ಬರ್ತಿತ್ತು ಅಂತ ತಿಂಗಳ ಹಿಂದೆ ಇಲ್ಲೇ ಗ್ಯಾರೇಜಲ್ಲಿ ಬದಲಾಯಿಸಿದ್ದೆ. ಲೈಟ್ ಬಂದಿದ್ದು ಅದಾದ್ಮೇಲೇನೆ, ನಂಗೆ ಎರಡಕ್ಕೂ ಸಂಬಂಧ ಇದೆ ಅಂತ ಹೊಳೀಲೇ ಇಲ್ಲ. ಸೆನ್ಸರ್ ತೆಗ್ದು ಕೆಸರು ಒರೆಸಿ ಹಾಕ್ದೆ, ಲೈಟ್ ಹೋಗ್ಲಿಲ್ಲ.

ಹುಬ್ಳಿ_ಎಂಡೆವರ್

ಅಲ್ಲೇ ಐತಿ ನೋಡ್ರಿ ಸರ! ಈ ಬೇರಿಂಗಿನ ಒಂದು ಬದಿಗೆ ಮಾತ್ರ ಮ್ಯಾಗ್ನೆಟ್ ರಿಂಗ್ ಇರ್ತೈತಿ, ಸೆನ್ಸರ್ ಅದನ್ನ ನೋಡಿನ ಸ್ಪೀಡ್ ಲೆಕ್ಕ ಹಾಕ್ತೈತಿ. ಬೇರಿಂಗ್ ತಿರುವಿ ಕೂಡ್ಸಿದ್ರ ಗಾಲಿ ಆರಾಮ ತಿರುಗ್ತೈತಿ, ಶಬ್ದನೂ ಬರಂಗಿಲ್ಲ, ಆದ್ರ ಸೆನ್ಸರಿಗೆ ಏನೂ ಕಾಣಂಗಿಲ್ಲ. ಪಕ್ಕಾ ಮಾಡ್ಕೋಬೇಕಂದ್ರ ಫೋರ್‌ಸ್ಕ್ಯಾನಿನ್ಯಾಗ ನಾಲ್ಕೂ ಗಾಲಿ ಸ್ಪೀಡ್ ಒಟ್ಟಿಗೆ ಹಾಕ್ರಿ, ಯಾರನ್ನರ ಬಾಜೂಕ ಕೂಡಿಸ್ಕೊಂಡು 20ರ ಸ್ಪೀಡಿನ್ಯಾಗ ಓಡಸ್ರಿ, ಮೂರು 20 ತೋರ್ಸಿ ಒಂದು ಸೊನ್ನಿ ಇದ್ರ ಅದ ಬೇರಿಂಗು ಇಲ್ಲಾ ವೈರು. ಹೊಸ ಬೇರಿಂಗ್ ಹಾಕೋ ಮುಂದ ಗುಂಡುಪಿನ್ ಹಿಡದು ನೋಡ್ರಿ, ಅದು ಅಂಟೋ ಬದಿ ಸೆನ್ಸರ್ ಕಡೆ ಬರಬೇಕು. ಪ್ರೆಸ್‌ನ್ಯಾಗ ಕಿತ್ತ ಬೇರಿಂಗ್ ಮತ್ತ ಹಾಕಸಬ್ಯಾಡ್ರಿ, ಹೊಸಾದು ತಗೋರಿ.

ತೋಟದ_ಇಕೋಸ್ಪೋರ್ಟ್

ತಮ್ಮನ್ನ ಲ್ಯಾಪ್‌ಟಾಪ್ ಹಿಡ್ಕೊಂಡು ಕೂರಿಸ್ಕೊಂಡು ಹೋಗಿ ಬಂದೆ, ಮೂರು ಚಕ್ರ 20, 21 ಹಂಗೆ ಬರ್ತಿತ್ತು, ಬಲ ಮುಂದಿಂದು ಸೊನ್ನೆ ಬಿಟ್ಟು ಅಲ್ಲಾಡ್ಲೇ ಇಲ್ಲ. ಇವತ್ತು ಗ್ಯಾರೇಜಲ್ಲಿ ಬಿಚ್ಚಿಸಿದ್ರೆ ಬೇರಿಂಗ್ ತಿರುವಿ ಕೂತಿತ್ತು. ಆ ಹುಡುಗನಿಗೂ ಮ್ಯಾಗ್ನೆಟ್ ವಿಷ್ಯ ಗೊತ್ತಿರ್ಲಿಲ್ಲ, ಗುಂಡುಪಿನ್ ಹಿಡಿದು ತೋರಿಸ್ದಾಗ ಬೇಜಾರು ಮಾಡ್ಕೊಂಡ, ಕೂಲಿ ತಗೊಳ್ಲಿಲ್ಲ. ಹೊಸ ಬೇರಿಂಗ್ ದುಡ್ಡು ನಾನೇ ಕೊಟ್ಟೆ. ಕೋಡ್ ಅಳಿಸಿ ಸ್ವಲ್ಪ ದೂರ ಓಡಿಸ್ದೆ, ಲೈಟ್ ಆಫ್, ಸಂಜೆ ಘಾಟಿ ಇಳಿದು ಹತ್ತಿ ಬಂದೆ, ಮತ್ತೆ ಬಂದಿಲ್ಲ.

ಎಲ್ಲಾ ಮಾಡ್ಯೂಲಿನ ಎಬಿಟಿ ಫೈಲ್ ಪೆನ್‌ಡ್ರೈವಲ್ಲಿ ಹಾಕಿಟ್ಟಿದ್ದೀನಿ. ಚಾರ್ಜರ್ ತಗೊಳ್ಳೋವರ್ಗೂ ಕೋಡಿಂಗ್‌ಗೆ ಕೈ ಹಾಕಲ್ಲ. ಎಷ್ಟು ಆಂಪ್ಸಿಂದು ತಗೊಳ್ಳೋದು ಒಳ್ಳೇದು, ಬಳಸಿರೋರು ಹೇಳಿ.